ಇಲ್ಲಿ ಬಡೀತಾರೇನ್ರಿ?

ಒಂದು ಬುಧವಾರ ರಾತ್ರಿ ಊಟಕ್ಕೆ ಕೂತಿದ್ದಾಗ ಫೋನ್ ಬಂತು. 'ತಂಬಿ, ನಿಮಗೆ ಕನ್ನಡ ಬರುತ್ತಲ್ಲ? ನಮ್ಮಲ್ಲಿಗೆ ಒಬ್ಬ ಹುಡುಗ ಬಂದಿದ್ದಾನೆ. ನಾಲ್ಕು ದಿನ ಆಯ್ತು, ಬಾಯೇ ಬಿಟ್ಟಿಲ್ಲ. ನಿನ್ನೆ ನಿದ್ದೆಯಲ್ಲಿ ಏನೋ ಕನವರಿಸಿದ. ತಮಿಳೂ ಅಲ್ಲ, ತೆಲುಗೂ ಅಲ್ಲ' ಎಂದರು ಆ ಕಡೆಯಿಂದ.

ಫೋನ್ ಮಾಡಿದವರು ಚೆನ್ನೈನ ರಾಯಪುರಂನಲ್ಲಿರುವ ಮಕ್ಕಳ ಮನೆಯೊಂದರ ಹಿರಿಯ ಮೇಲ್ವಿಚಾರಕರು. ಒಂದು ಖಾಸಗಿ ಟ್ರಸ್ಟ್ ಬಾಲ ನ್ಯಾಯ ಕಾಯ್ದೆಯಡಿ ನೋಂದಾಯಿಸಿಕೊಂಡು ನಡೆಸುವ ಮನೆ ಅದು. ಶನಿವಾರ ಮಧ್ಯಾಹ್ನ ಅಲ್ಲಿನ ಹುಡುಗರಿಗೆ ಕಂಪ್ಯೂಟರ್ ಹೇಳಿಕೊಡಲು ನಾನು ಹೋಗುತ್ತಿದ್ದೆ. ತಟ್ಟೆ ಮುಚ್ಚಿಟ್ಟು ಹೊರಟೆ. ನಮ್ಮ ಮನೆಯಿಂದ ಐದು ನಿಮಿಷದ ದಾರಿ.

ಹುಡುಗ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದ. ಹದಿಮೂರೋ ಹದಿನಾಲ್ಕೋ ಇರಬೇಕು. ಮುಂದೆ ಅನ್ನ ಸಾಂಬಾರಿನ ತಟ್ಟೆ ಮುಟ್ಟದೆ ಹಾಗೇ ಇತ್ತು. ನಾನೂ ನೆಲದ ಮೇಲೆ ಕೂತು, 'ಊಟ ಯಾಕೆ ಮಾಡಿಲ್ಲ ಮಗಾ?' ಎಂದೆ. ಥಟ್ಟನೆ ತಲೆ ಎತ್ತಿದ. ನನ್ನ ಮುಖವನ್ನು, ಕೈಯನ್ನು, ಬಾಗಿಲ ಬಳಿ ನಿಂತಿದ್ದವರನ್ನು ಒಂದು ಸುತ್ತು ನೋಡಿ ಮೆಲ್ಲಗೆ ಕೇಳಿದ: 'ಇಲ್ಲಿ ಬಡೀತಾರೇನ್ರಿ?'

'ಇಲ್ಲಪ್ಪ. ಇಲ್ಲಿ ಯಾರೂ ಹೊಡೆಯೋದಿಲ್ಲ' ಎಂದೆ. ತಟ್ಟೆಯನ್ನು ಹತ್ತಿರ ಎಳೆದುಕೊಂಡ.

ಯಾವ ಧೈರ್ಯದ ಮೇಲೆ ಆ ಮಾತು ಕೊಟ್ಟೆನೋ ಗೊತ್ತಿಲ್ಲ. ಆ ಮನೆಯಲ್ಲಿ ನಾನು ಅಲ್ಲಿಯವರೆಗೆ ಒಂದು ರಾತ್ರಿಯನ್ನೂ ಕಳೆದಿರಲಿಲ್ಲ.

ಕಲ್ಯಾಣ ಕರ್ನಾಟಕದ ಹುಡುಗ. ಇದಕ್ಕಿಂತ ಹೆಚ್ಚಿಗೆ ಹೇಳುವಂತಿಲ್ಲ. ಇಂಥ ಮಕ್ಕಳ ಗುರುತು ಬಿಟ್ಟುಕೊಡುವುದನ್ನು ಕಾಯ್ದೆಯ 74ನೇ ಸೆಕ್ಷನ್ ನಿಷೇಧಿಸುತ್ತದೆ. ಬೆಂಗಳೂರಿನ ಹೋಟೆಲೊಂದರಲ್ಲಿ ಟೇಬಲ್ ಒರೆಸುವ ಕೆಲಸಕ್ಕೆ ಯಾರೋ ತಂದು ಬಿಟ್ಟಿದ್ದರು. ಅಲ್ಲಿ ಏಟು ತಾಳಲಾರದೆ ರೈಲು ನಿಲ್ದಾಣಕ್ಕೆ ಓಡಿದ್ದ. ಮುಂದೆ ನಿಂತಿದ್ದ ರೈಲು ಹತ್ತಿದ. ಅದು ಚೆನ್ನೈ ಸೆಂಟ್ರಲ್‌ಗೆ ಬಂದು ನಿಂತಿತು. ಅಲ್ಲಿಂದ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ, ಸಮಿತಿಯ ಆದೇಶದ ಮೇಲೆ ಈ ಮನೆಗೆ. ಊರು ಯಾವುದು ಎಂದರೆ ಮಾತ್ರ ತುಟಿ ಬಿಗಿಯುತ್ತಿದ್ದ. 'ಮನಿಗೆ ಹೋಗಂಗಿಲ್ರಿ ನಾ' ಎನ್ನುವುದೊಂದೇ ಉತ್ತರ.

ಗಂಜಿತೊಟ್ಟಿಯ ಊರು

ಐ.ಟಿ. ಕೆಲಸದವರು ಚೆನ್ನೈನಲ್ಲಿ ಮನೆ ಹುಡುಕುವುದು ದಕ್ಷಿಣದ ಕಡೆಗೆ. ನನ್ನ ಆಫೀಸೂ ತರಮಣಿಯಲ್ಲೇ. ಆದರೆ ಹೆಂಡತಿಗೆ ಸ್ಟ್ಯಾನ್ಲಿ ಆಸ್ಪತ್ರೆಯಲ್ಲಿ ಸ್ನಾತಕೋತ್ತರ ವ್ಯಾಸಂಗ. ರಾತ್ರಿ ಡ್ಯೂಟಿ ಮುಗಿಸಿ ನಡೆದು ಬರುವಷ್ಟು ಹತ್ತಿರದಲ್ಲಿ ಮನೆ ಬೇಕಿತ್ತು. ಹೀಗಾಗಿ ನಾವು ಉತ್ತರ ಚೆನ್ನೈನವರಾದೆವು.

ರಾಯಪುರಂ ಎಂದರೆ ಚೆನ್ನೈನವರಿಗೆ ಮೊದಲು ನೆನಪಾಗುವುದು ಕಾಸಿಮೇಡು ಬಂದರಿನ ಮೀನು. ಇತಿಹಾಸದ ರುಚಿ ಇದ್ದವರಿಗೆ ರೈಲು ನಿಲ್ದಾಣ. ದಕ್ಷಿಣ ಭಾರತದ ಮೊದಲ ಪ್ರಯಾಣಿಕರ ರೈಲು 1856ರ ಜುಲೈ 1ರಂದು ವಾಲಾಜಾ ರೋಡ್ ಕಡೆಗೆ ಹೊರಟದ್ದು ಇಲ್ಲಿಂದಲೇ. ಇದಕ್ಕಿಂತ ಹಳೆಯ ಕಥೆ ಇನ್ನೊಂದಿದೆ. ನಮ್ಮ ಮೈಸೂರಿನ ಹೈದರ್ ಅಲಿ ಆರ್ಕಾಟ್ ಸೀಮೆಯ ಮೇಲೆ ದಂಡೆತ್ತಿ ಬಂದ ಕಾಲದಲ್ಲಿ ಮದ್ರಾಸಿನ ಸುತ್ತ ಭೀಕರ ಬರ ಬಿತ್ತು. ಊರು ಬಿಟ್ಟು ಬಂದವರಿಗೆ ಗಂಜಿ ಹಾಕಲು 1782ರಲ್ಲಿ ಇಲ್ಲಿ ಮಣೆಗಾರ್ ಛತ್ರ ಶುರುವಾಯಿತು. ಆ ಗಂಜಿ ಕೇಂದ್ರವೇ ಕಾಲಾಂತರದಲ್ಲಿ ಸ್ಟ್ಯಾನ್ಲಿ ಆಸ್ಪತ್ರೆಗೆ ಮೂಲವಾಯಿತು. ಹಳಬರ ಬಾಯಲ್ಲಿ ಇಂದಿಗೂ 'ಗಂಜಿತೊಟ್ಟಿ ಆಸ್ಪತ್ರೆ' ಎಂಬ ಹೆಸರಿದೆ. ದಿಕ್ಕು ತಪ್ಪಿ ಬಂದವರನ್ನು ಒಳಗೆ ಬಿಟ್ಟುಕೊಳ್ಳುವುದು ಈ ಊರಿಗೆ ಹೊಸದಲ್ಲ.

ಇಲ್ಲಿ ಸರ್ಕಾರಿ ಬಾಲಕರ ಗೃಹವೂ ಇದೆ. 2020ರ ಜೂನ್‌ನಲ್ಲಿ ಅದರ ಹೆಸರು ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಅಲ್ಲಿನ 35 ಮಕ್ಕಳಿಗೆ ಕೋವಿಡ್ ತಗುಲಿತ್ತು. ನ್ಯಾಯಮೂರ್ತಿ ಎಲ್. ನಾಗೇಶ್ವರ ರಾವ್ ನೇತೃತ್ವದ ಸುಪ್ರೀಂ ಕೋರ್ಟ್ ಪೀಠ ತಮಿಳುನಾಡು ಸರ್ಕಾರದಿಂದ ವರದಿ ಕೇಳಿತು. ಸೋಂಕು ಬಂದದ್ದರಿಂದ ಗೋಡೆಯಾಚೆಗೆ ಇಷ್ಟು ಮಕ್ಕಳಿದ್ದಾರೆಂದು ಹೊರಗಿನವರಿಗೆ ತಿಳಿಯಿತು. ನಾನೂ ಆ ಸುದ್ದಿ ಓದಿದವನೇ. ಓದಿ, ಪಾಪ ಎಂದುಕೊಂಡು, ಮುಂದಿನ ಸುದ್ದಿಗೆ ಹೋದವನು.

ರಾತ್ರಿ ಪಾಳಿ

ಕನ್ನಡದ ಹುಡುಗ ಬಂದ ತಿಂಗಳಲ್ಲೇ ನಾನು ಹೋಗುತ್ತಿದ್ದ ಮನೆಯಲ್ಲಿ ರಾತ್ರಿ ಮೇಲ್ವಿಚಾರಕರೊಬ್ಬರು ಕೆಲಸ ಬಿಟ್ಟರು. ಈ ಕೆಲಸದಲ್ಲಿ ಬಹಳ ದಿನ ನಿಲ್ಲುವವರು ಕಡಿಮೆ. ಹೊಸಬರು ಸಿಗುವವರೆಗೆ ಶುಕ್ರವಾರ ಮತ್ತು ಶನಿವಾರ ರಾತ್ರಿ ಬರುತ್ತೀರಾ ಎಂದು ಅಧೀಕ್ಷಕರು ಕೇಳಿದರು. ಪೊಲೀಸ್ ಪರಿಶೀಲನೆ ಆಯಿತು, ಮಕ್ಕಳ ರಕ್ಷಣಾ ನೀತಿಗೆ ಸಹಿ ಹಾಕಿದೆ. ಎರಡು ದಿನ ಹಿರಿಯ ಮೇಲ್ವಿಚಾರಕರ ಹಿಂದೆ ಓಡಾಡಿದೆ. ಎಲ್ಲರೂ ಅವರನ್ನು ಅಣ್ಣಾ ಎನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಚಿಕ್ಕಂದಿನಲ್ಲಿ ಅವರೂ ಇಂಥದೇ ಮನೆಯೊಂದರಲ್ಲಿ ಬೆಳೆದವರು. ಈಗ ಐವತ್ತು ದಾಟಿದೆ. ಅವರ ಸಂಬಳ ನನ್ನ ಸಂಬಳದ ಹತ್ತನೇ ಒಂದು ಭಾಗವೂ ಇಲ್ಲ.

ನಮ್ಮಲ್ಲಿ ಜನ ಇವನ್ನೆಲ್ಲ ಒಟ್ಟಿಗೆ 'ರಿಮ್ಯಾಂಡ್ ಹೋಮ್' ಎಂದುಬಿಡುತ್ತಾರೆ. ಕಾನೂನು ಎರಡು ಬಗೆ ಮಾಡಿದೆ. ಕಾನೂನಿನೊಂದಿಗೆ ಸಂಘರ್ಷಕ್ಕೆ ಒಳಗಾದ ಮಕ್ಕಳು ಬಾಲ ನ್ಯಾಯ ಮಂಡಳಿಯ ಮುಂದೆ ಬರುತ್ತಾರೆ. ಅವರಿಗೆ ವೀಕ್ಷಣಾಲಯ, ವಿಶೇಷ ಗೃಹ. ಮನೆ ಬಿಟ್ಟವರು, ದುಡಿಮೆಗೆ ಸಿಕ್ಕಿಬಿದ್ದವರು, ನೋಡಿಕೊಳ್ಳುವವರಿಲ್ಲದವರು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಬರುತ್ತಾರೆ. ಅವರಿಗೆ ಮಕ್ಕಳ ಗೃಹ. ಕರ್ನಾಟಕದಲ್ಲಿ ನಾವು ಬಾಲಮಂದಿರ ಎನ್ನುವುದು ಈ ಎರಡನೆಯ ಬಗೆಗೆ. ಕಾಗದದ ಮೇಲೆ ಗೆರೆ ಸ್ಪಷ್ಟವಾಗಿದೆ. ಮಕ್ಕಳ ಬದುಕಿನಲ್ಲಿ ಅಷ್ಟು ಸ್ಪಷ್ಟವಿಲ್ಲ. ಇವತ್ತು ಹಸಿದು ರೈಲಿನಲ್ಲಿ ಬಂದವನು ನಾಳೆ ಹಸಿವಿಗೆ ಮೊಬೈಲ್ ಕದ್ದರೆ ಗೆರೆಯ ಆ ಕಡೆಗೆ ಹೋಗುತ್ತಾನೆ.

ಕಾಯ್ದೆಯ ನಿಯಮಗಳಲ್ಲಿ ನನ್ನಂಥವರ ಹುದ್ದೆಯ ಹೆಸರು 'ಹೌಸ್ ಫಾದರ್'. ಹೆಣ್ಣುಮಕ್ಕಳ ಮನೆಯಲ್ಲಾದರೆ 'ಹೌಸ್ ಮದರ್'. ಮನೆಯ ಅಪ್ಪ, ಮನೆಯ ಅಮ್ಮ. ಹೆಸರಿಟ್ಟವರ ಆಶಯ ದೊಡ್ಡದು. ಕೆಲಸದಲ್ಲಿ ಮಾತ್ರ ನಾವು ಅರ್ಧ ಅಪ್ಪ, ಅರ್ಧ ವಾಚ್‌ಮನ್. 38 ಹುಡುಗರು, ರಾತ್ರಿಗೆ ಇಬ್ಬರು.

ಒಂಬತ್ತೂವರೆಗೆ ದೀಪ ಆರುತ್ತದೆ. ಅಲ್ಲಿಯವರೆಗೆ ಕೇರಂ ಬೋರ್ಡಿನ ಸುತ್ತ ಜಾತ್ರೆ. ಉತ್ತರ ಚೆನ್ನೈ ಕೇರಂನ ತವರು. ಇಲ್ಲೇ ಪಕ್ಕದ ಹೊಸ ವಾಷರ್‌ಮನ್‌ಪೇಟೆಯ ಆಟೊ ಚಾಲಕರೊಬ್ಬರ ಮಗಳು ಕಾಸಿಮಾ 2024ರಲ್ಲಿ ಅಮೆರಿಕದಲ್ಲಿ ನಡೆದ ವಿಶ್ವಕಪ್‌ನಲ್ಲಿ ಮೂರು ಚಿನ್ನ ಗೆದ್ದು ಬಂದಳು. ನಮ್ಮ ಹುಡುಗರಿಗೆ ಅವಳು ಅಕ್ಕ. 'ಅಕ್ಕನ ಸ್ಟ್ರೈಕ್ ನೋಡು' ಎಂದು ತಮ್ಮ ತಪ್ಪು ಹೊಡೆತಕ್ಕೂ ಅವಳ ಹೆಸರನ್ನೇ ಹೇಳುತ್ತಾರೆ.

ದೀಪ ಆರಿದ ಮೇಲೆ ಬೇರೆಯದೇ ಮನೆ. ಹಗಲು ಎಲ್ಲರನ್ನೂ ಹೆದರಿಸಿಕೊಂಡು ತಿರುಗುವವನು ರಾತ್ರಿ ಹಾಸಿಗೆ ಒದ್ದೆ ಮಾಡಿಕೊಂಡು, ಬೆಳಗಾಗುವ ಮೊದಲೇ ಚಾದರ ಒಗೆದು ಹಾಕುತ್ತಾನೆ. ಒಬ್ಬ ಬಾಗಿಲ ಪಕ್ಕದಲ್ಲಲ್ಲದೆ ಬೇರೆ ಎಲ್ಲೂ ಮಲಗುವುದಿಲ್ಲ. ಇನ್ನೊಬ್ಬನ ದಿಂಬಿನ ಕೆಳಗೆ ಎರಡು ಇಡ್ಲಿ ಇರುತ್ತದೆ. ಮೂರು ಹೊತ್ತು ಊಟ ಸಿಗುವ ಮನೆಗೆ ಬಂದು ಆರು ತಿಂಗಳಾದರೂ ನಾಳೆಯ ಊಟದ ಮೇಲೆ ಅವನಿಗೆ ನಂಬಿಕೆ ಬಂದಿಲ್ಲ. ಹನ್ನೆರಡರ ಹೊತ್ತಿಗೆ ಯಾರಾದರೂ ಒಬ್ಬ ಬಂದು, 'ಅಣ್ಣಾ, ತೂಕ್ಕಂ ವರಲೆ' ಎನ್ನುತ್ತಾನೆ. ನಿದ್ದೆ ಬರುತ್ತಿಲ್ಲ ಎಂದರ್ಥ. ಅದಕ್ಕೆ ಉತ್ತರ ಹೇಳಬೇಕಾಗಿಲ್ಲ. ಪಕ್ಕದಲ್ಲಿ ಜಾಗ ಬಿಟ್ಟರೆ ಸಾಕು, ಕೂರುತ್ತಾನೆ. ಇಬ್ಬರೂ ಸುಮ್ಮನೆ ಕೂತಿದ್ದರೆ ದೂರದಲ್ಲಿ ದೋಣಿಗಳ ಡೀಸೆಲ್ ಎಂಜಿನ್ ಕೇಳಿಸುತ್ತದೆ.

ಅಣ್ಣಾ ನನಗೆ ಹೇಳಿಕೊಟ್ಟ ಪಾಠಗಳು ಸಣ್ಣವು. ಮಲಗಿದ ಹುಡುಗನ ಮೇಲೆ ಬಾಗಿ ನಿಲ್ಲಬಾರದು, ಮಾತಾಡಬೇಕಿದ್ದರೆ ಕೂರಬೇಕು. ಊಟವನ್ನು ಶಿಕ್ಷೆಯಾಗಿ ಬಳಸಬಾರದು. ನಾಳೆ ಬರುತ್ತೇನೆ ಎಂದು ಹೇಳಿದರೆ ಬರಲೇಬೇಕು, ಬರಲಾಗದಿದ್ದರೆ ಹೇಳಲೇಬಾರದು. ಬಾಗಿಲ ಹಿಂದೆ ಯಾರ ಜೊತೆಗೂ ಒಬ್ಬನೇ ಇರಬಾರದು. ಸಿಟ್ಟು ಬಂದರೆ ಜೊತೆಯವನನ್ನು ಕರೆದು ಹೊರಗೆ ಹೋಗಬೇಕು. ಇಷ್ಟೇನಾ ಎಂದುಕೊಂಡಿದ್ದೆ.

ಎರಡು ಗಂಟೆಗೆ ಎತ್ತಿದ ಕೈ

ಎರಡನೇ ತಿಂಗಳ ಒಂದು ಶನಿವಾರ. ಗುರುವಾರ ರಾತ್ರಿ ಆಫೀಸಿನಲ್ಲಿ ಹೊಸ ಆವೃತ್ತಿಯ ಬಿಡುಗಡೆ ಇತ್ತು, ಮುಗಿದಾಗ ಬೆಳಗಿನ ನಾಲ್ಕು. ಶುಕ್ರವಾರ ರಾತ್ರಿ ಪಾಳಿ. ಅಂದರೆ ಅದು ನಿದ್ದೆಯಿಲ್ಲದ ಮೂರನೇ ರಾತ್ರಿ.

ಆ ವಾರ ಹೊಸಬನೊಬ್ಬ ಬಂದಿದ್ದ. ಹದಿನೈದರ ಹುಡುಗ. ಪಂಕ್ಚರ್ ಅಂಗಡಿಯ ಸಲ್ಯೂಷನ್ ಬಟ್ಟೆಗೆ ಹಾಕಿಕೊಂಡು ಮೂಸುವ ಚಟ. ಅದು ಸಿಗದೆ ಮೈಯೆಲ್ಲ ಉರಿ, ನಿದ್ದೆಯಿಲ್ಲ. ಎರಡು ಗಂಟೆಯ ಹೊತ್ತಿಗೆ ಎದ್ದು, ಹಾಸಿಗೆ ಒದ್ದೆ ಮಾಡಿಕೊಳ್ಳುವ ಹುಡುಗನ ಮೇಲೆ ಒಂದು ಚೊಂಬು ನೀರು ಸುರಿದು, ಎಲ್ಲರನ್ನೂ ಎಬ್ಬಿಸಿ ನಗತೊಡಗಿದ. ಮೂರು ಸಲ ಹೇಳಿದೆ. ನಾಲ್ಕನೇ ಸಲ ನನ್ನ ತಾಯಿಯನ್ನು ಸೇರಿಸಿ ಒಂದು ಬೈಗುಳ ಬೈದ.

ಆಮೇಲಿನದು ಎರಡೋ ಮೂರೋ ಸೆಕೆಂಡು. ಅವನ ಕಾಲರ್ ನನ್ನ ಎಡಗೈಯಲ್ಲಿತ್ತು. ಬೆನ್ನು ಗೋಡೆಗೆ ಬಡಿದಿತ್ತು. ನನ್ನ ಬಲಗೈ ಮೇಲೆ ಇತ್ತು.

ಯಾರೋ ದೀಪ ಹಾಕಿದರು. ಕಣ್ಣಿಗೆ ಮೊದಲು ಬಿದ್ದದ್ದು ಮೂರನೇ ಸಾಲಿನ ಹಾಸಿಗೆಯಲ್ಲಿ ಎದ್ದು ಕೂತಿದ್ದ ನಮ್ಮ ಕನ್ನಡದ ಹುಡುಗ. ಅವನು ನನ್ನ ಮುಖ ನೋಡುತ್ತಿರಲಿಲ್ಲ. ಕೈ ನೋಡುತ್ತಿದ್ದ.

ಅಣ್ಣಾ ಬಂದರು. ಗದರಲಿಲ್ಲ. 'ತಂಬಿ, ಪೋಯಿ ಟೀ ಕುಡಿಚ್ಚಿಟ್ಟು ವಾಂಗ' ಎಂದರು, ಹೋಗಿ ಟೀ ಕುಡಿದು ಬನ್ನಿ ಎಂದು. ಆ ಹುಡುಗನ ಹೆಗಲ ಮೇಲೆ ಟವೆಲ್ ಹಾಕಿ ಮುಖ ತೊಳೆಸಲು ಕರೆದುಕೊಂಡು ಹೋದರು. ನೆನೆದ ಹುಡುಗನಿಗೆ ತಮ್ಮ ಚಾದರ ಕೊಟ್ಟರು. ನಾನು ಕಲ್ಮಂಡಪಂ ಕಡೆ ನಡೆದೆ. ಮೀನಿನ ಗಾಡಿಗಳಿಗಾಗಿ ಆ ಹೊತ್ತಿನಲ್ಲೂ ತೆರೆದಿರುವ ಟೀ ಅಂಗಡಿ ಇದೆ. ಗ್ಲಾಸು ಹಿಡಿದ ಕೈ ನಡುಗುತ್ತಿತ್ತು.

ಬೆಳಿಗ್ಗೆ ಅಣ್ಣಾ ಘಟನೆ ದಾಖಲಿಸುವ ಪುಸ್ತಕ ಮುಂದಿಟ್ಟು, 'ನೀವೇ ಬರೀರಿ' ಎಂದರು. ನಾನು ಬರೆದೆ: 'ಹುಡುಗ ಗಲಾಟೆ ಮಾಡಿದ. ಪರಿಸ್ಥಿತಿಯನ್ನು ನಿಯಂತ್ರಿಸಲಾಯಿತು.' ಓದಿಸಿಕೊಂಡು ಕೇಳಿದರು, 'ಯಾರು ನಿಯಂತ್ರಿಸಿದ್ದು? ಹೇಗೆ?' ಆ ಸಾಲು ಹೊಡೆದುಹಾಕಿ ಮತ್ತೆ ಬರೆದೆ: 'ನಾನು ಅವನ ಕಾಲರ್ ಹಿಡಿದೆ. ಗೋಡೆಗೆ ನೂಕಿದೆ. ಹೊಡೆಯಲು ಕೈ ಎತ್ತಿದೆ.' ಬರೆಯಲು ಹತ್ತು ನಿಮಿಷ ಹಿಡಿಯಿತು. ಕೆಳಗೆ ನನ್ನ ಸಹಿ, ಸಮಯ. ಅಧೀಕ್ಷಕರು ಓದಿ, ವೈದ್ಯರಿಗೆ ಹುಡುಗನ ಬೆನ್ನು ತೋರಿಸಿದರು, ಸಮಿತಿಗೆ ತಿಳಿಸಿದರು. ನನ್ನನ್ನು ಆರು ವಾರ ರಾತ್ರಿ ಪಾಳಿಯಿಂದ ತೆಗೆದರು. ಎಲ್ಲ ಹುಡುಗರ ಮುಂದೆ ನಾನು ಅವನ ಕ್ಷಮೆ ಕೇಳಿದೆ. ಅವನು ನೆಲ ನೋಡುತ್ತಾ 'ಸರಿ' ಎಂದ. ಕನ್ನಡದ ಹುಡುಗ ಮೂರು ವಾರ ನನ್ನ ಜೊತೆ ಮಾತಾಡಲಿಲ್ಲ.

ಚೆಂಗಲಪಟ್ಟು ಎಷ್ಟು ದೂರ?

ರಾಯಪುರಂನಿಂದ ಚೆಂಗಲಪಟ್ಟು ಸುಮಾರು 60 ಕಿ.ಮೀ. ಬ್ರಿಟಿಷರ ಕಾಲದ ರಿಫಾರ್ಮೇಟರಿ ಶಾಲೆ ಇದ್ದ ಊರು. ಅಲ್ಲಿನ ಸರ್ಕಾರಿ ಗೃಹದಲ್ಲಿದ್ದ 17ರ ಹುಡುಗನೊಬ್ಬ 2022ರ ಡಿಸೆಂಬರ್ 31ರಂದು ಸತ್ತ. ರೈಲ್ವೆ ಬ್ಯಾಟರಿ ಕದ್ದ ಆರೋಪದ ಮೇಲೆ ಅವನನ್ನು ಅಲ್ಲಿಗೆ ತಂದು ಎರಡೇ ದಿನವಾಗಿತ್ತು. ಮೈಮೇಲೆ ಏಟಿನ ಗುರುತುಗಳಿದ್ದವು. ಅಧೀಕ್ಷಕರೂ ಸೇರಿ ಆರು ಮಂದಿ ಸಿಬ್ಬಂದಿಯ ಬಂಧನವಾಯಿತು. 2023ರಲ್ಲಿ ತಮಿಳುನಾಡು ಸರ್ಕಾರ ಇಂಥ ಗೃಹಗಳ ಸುಧಾರಣೆಗೆ ನಿವೃತ್ತ ನ್ಯಾಯಮೂರ್ತಿ ಕೆ. ಚಂದ್ರು ಅವರ ಏಕಸದಸ್ಯ ಸಮಿತಿ ನೇಮಿಸಿತು. 'ಜೈ ಭೀಮ್' ಸಿನಿಮಾ ನೋಡಿದವರಿಗೆ ಅವರು ಗೊತ್ತು, ಅದು ಅವರು ವಕೀಲರಾಗಿದ್ದಾಗ ನಡೆಸಿದ ಮೊಕದ್ದಮೆಯ ಕಥೆ. ಅವರು ಅದೇ ವರ್ಷ ವರದಿ ಕೊಟ್ಟರು.

ಆ ಸಾವಿನ ಸುದ್ದಿ ಓದಿದಾಗ ನಾನು ಹೆಂಡತಿಗೆ ಹೇಳಿದ್ದೆ, 'ರಾಕ್ಷಸರು' ಎಂದು. ಅಲ್ಲಿ ಆದದ್ದಕ್ಕೆ ಇವತ್ತಿಗೂ ನನ್ನಲ್ಲಿ ಕ್ಷಮೆಯಿಲ್ಲ. ಆದರೆ ಆ ಪದ ನನ್ನನ್ನು ಒಂದು ಸುರಕ್ಷಿತ ದಡದಲ್ಲಿ ನಿಲ್ಲಿಸಿತ್ತು. ಅವರು ಬೇರೆ, ಎಂಟೆಕ್ ಓದಿದ ನಾನು ಬೇರೆ ಎಂದು. ನನ್ನ ಕೈ ಮೇಲೆದ್ದ ರಾತ್ರಿ ಆ ದಡ ಕುಸಿಯಿತು. ಅವತ್ತು ದೀಪ ಹಾಕುವವರು ಇರದಿದ್ದರೆ? ಅಣ್ಣಾ ಬದಲು 'ಹಾಕು ಎರಡು, ಬುದ್ಧಿ ಬರಲಿ' ಎನ್ನುವವರು ಇದ್ದಿದ್ದರೆ? ಬೆಳಿಗ್ಗೆ ಬರೆಸುವ ಪುಸ್ತಕ ಇರದಿದ್ದರೆ? ಒಂದನೇ ಏಟು ಯಾರಿಗೂ ಗೊತ್ತಾಗದಿದ್ದರೆ ಎರಡನೆಯದು ಸುಲಭ. ಹತ್ತನೆಯ ಹೊತ್ತಿಗೆ ಅದಕ್ಕೆ 'ಶಿಸ್ತು' ಎಂಬ ಹೆಸರು ಬಂದಿರುತ್ತದೆ.

ಆ ಕೈ ನನಗೆ ಎಲ್ಲಿಂದ ಬಂತು ಎಂದು ಆರು ವಾರ ಯೋಚಿಸಿದೆ. ನಾನು ಅರಸೀಕೆರೆ ಕಡೆಯವನು. ಹೈಸ್ಕೂಲು ಓದಿದ್ದು ಹಾಸ್ಟೆಲ್‌ನಲ್ಲಿದ್ದುಕೊಂಡು. ಅಲ್ಲಿನ ವಾರ್ಡನ್ ಹುಣಸೆ ಬರಲಿಗೆ ಎಣ್ಣೆ ಹಚ್ಚಿ ಇಟ್ಟುಕೊಂಡಿದ್ದರು. 'ದಂಡಂ ದಶಗುಣಂ' ಎನ್ನುತ್ತಲೇ ಬಾರಿಸುತ್ತಿದ್ದರು. ಆಮೇಲೆ ಎಂಜಿನಿಯರಿಂಗ್, ಎಂಟೆಕ್, ಕೆಲಸ. ಹಳೆಯ ಗೆಳೆಯರು ಸೇರಿದಾಗಲೆಲ್ಲ ನಾವು ಹೇಳಿಕೊಂಡದ್ದು ಒಂದೇ ಮಾತು: 'ಅವರು ಹೊಡೆದಿದ್ದಕ್ಕೇ ಉದ್ಧಾರ ಆದ್ವಿ ಕಣೋ.' ಆದರೆ ನಮ್ಮ ಕೋಣೆಯಲ್ಲಿ ಆಗ ಹನ್ನೊಂದು ಜನ ಇದ್ದೆವು. ಮೂವರು ಹಾಸ್ಟೆಲ್ ಬಿಟ್ಟು ಓಡಿಹೋದರು. ಒಬ್ಬ ಮತ್ತೆ ಊರಿಗೇ ಬರಲಿಲ್ಲ. ಏಟಿನ ಗುಣಗಾನ ಮಾಡಲು ನಾವು ಸೇರುವ ಕೂಟಕ್ಕೆ ಆ ಮೂವರು ಬರುವುದಿಲ್ಲ. ಉಳಿದವರ ಸಾಕ್ಷಿಯನ್ನಷ್ಟೇ ಕೇಳಿ ನಾವು ತೀರ್ಪು ಕೊಟ್ಟುಕೊಂಡಿದ್ದೇವೆ.

ಆಫೀಸಿನಲ್ಲಿ ಮಧ್ಯರಾತ್ರಿ ಸರ್ವರ್ ನಿಂತರೆ ಮಾರನೇ ದಿನ ನಾವೊಂದು ವರದಿ ಬರೆಯುತ್ತೇವೆ. ಎಷ್ಟು ಗಂಟೆಗೆ ಏನಾಯಿತು, ಯಾವ ಎಚ್ಚರಿಕೆ ಮೊದಲೇ ಬಂದಿತ್ತು, ಯಾಕೆ ಯಾರೂ ಗಮನಿಸಲಿಲ್ಲ, ಮತ್ತೆ ಆಗದಿರಲು ಏನನ್ನು ಬದಲಿಸಬೇಕು. ನನ್ನ ಕೈಯ ಬಗ್ಗೆಯೂ ಅಂಥದೇ ವರದಿ ಬರೆದು ಅಧೀಕ್ಷಕರಿಗೆ ಕೊಟ್ಟೆ. ನಿದ್ದೆಗೆಟ್ಟವನು ಪಾಳಿಗೆ ಬಂದಿದ್ದು, ಚಟ ಬಿಡುತ್ತಿರುವ ಹುಡುಗನನ್ನು ಮೊದಲ ವಾರವೇ ಎಲ್ಲರ ಮಧ್ಯೆ ಮಲಗಿಸಿದ್ದು, ಸಹಾಯಕ್ಕೆ ಕೂಗುವುದನ್ನು ಸೋಲು ಎಂದು ನಾನು ತಿಳಿದಿದ್ದು. ತಪ್ಪು ನನ್ನದೇ, ಅದನ್ನು ಸಹಿ ಹಾಕಿ ಒಪ್ಪಿದ್ದೇನೆ. ಆದರೆ ತಪ್ಪಿಗೆ ದಾರಿ ಮಾಡಿಕೊಡುವ ಬಾಗಿಲುಗಳನ್ನೂ ಮುಚ್ಚಬೇಕಲ್ಲ? ಈಗ ಅಲ್ಲಿ ಹಿಂದಿನ ರಾತ್ರಿ ನಿದ್ದೆ ಮಾಡಿದ್ದೇನೆ ಎಂದು ಬರೆದುಕೊಡದೆ ಯಾರೂ ಪಾಳಿಗೆ ಕೂರುವಂತಿಲ್ಲ. ಹೊಸಬರಿಗೆ ಮೊದಲ ಹದಿನೈದು ದಿನ ಬೇರೆ ಕೋಣೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕೇಂದ್ರ ಸರ್ಕಾರದ ನೆರವಿನ 'ಸಂವಾದ್' ಎಂಬ ವ್ಯವಸ್ಥೆ ಇದೆ. ಮಕ್ಕಳ ಗೃಹಗಳಲ್ಲಿ ಕೆಲಸ ಮಾಡುವವರಿಗೆ ತರಬೇತಿ ಕೊಡುವುದು ಅದರ ಕೆಲಸಗಳಲ್ಲೊಂದು. ಮಗುವಿನ ವರ್ತನೆಯ ಹಿಂದಿನ ನೋವನ್ನು ಹೇಗೆ ಓದಬೇಕೆಂದು ನಾನು ಕಲಿಯತೊಡಗಿದ್ದು ಅವರ ಪಾಠಗಳಿಂದ.

ಹಗಲು ಬರುವ ತನಿಖೆ

'ಮಕ್ಕಳ ಕಾಯ್ದೆ' ಎಂಬುದು ನಮ್ಮ ದೇಶದಲ್ಲಿ ಮೊದಲು ಬಂದದ್ದು ಇದೇ ಮದ್ರಾಸಿನಲ್ಲಿ, 1920ರ ಮದ್ರಾಸ್ ಮಕ್ಕಳ ಕಾಯ್ದೆಯಾಗಿ. ಬಂಗಾಳ 1922ರಲ್ಲಿ, ಬಾಂಬೆ 1924ರಲ್ಲಿ ಅದೇ ದಾರಿ ಹಿಡಿದವು. ನೂರು ವರ್ಷಗಳಲ್ಲಿ ಕಾನೂನು ಬೆಳೆದಿದೆ. 2015ರ ಕಾಯ್ದೆಯ 82ನೇ ಸೆಕ್ಷನ್ ಪ್ರಕಾರ ಗೃಹದಲ್ಲಿ ಮಗುವಿಗೆ ಶಿಸ್ತಿನ ಹೆಸರಿನಲ್ಲಿ ದೈಹಿಕ ಶಿಕ್ಷೆ ಕೊಟ್ಟರೆ ಮೊದಲ ಸಲ 10 ಸಾವಿರ ರೂಪಾಯಿ ದಂಡ, ಮತ್ತೆ ಮಾಡಿದರೆ ಮೂರು ತಿಂಗಳವರೆಗೆ ಸಜೆ. 75ನೇ ಸೆಕ್ಷನ್ ಪ್ರಕಾರ ಕ್ರೌರ್ಯ ಎಸಗಿದ ಸಿಬ್ಬಂದಿಗೆ ಐದು ವರ್ಷಗಳವರೆಗೆ ಕಠಿಣ ಸಜೆ. ಜಿಲ್ಲೆಯ ತಪಾಸಣಾ ಸಮಿತಿ ಮೂರು ತಿಂಗಳಿಗೊಮ್ಮೆಯಾದರೂ ಪ್ರತಿ ಗೃಹಕ್ಕೆ ಭೇಟಿ ಕೊಡಬೇಕು, ತಂಡದಲ್ಲಿ ಒಬ್ಬ ಮಹಿಳೆ ಮತ್ತು ಒಬ್ಬ ವೈದ್ಯಾಧಿಕಾರಿ ಇರಬೇಕು ಎಂದೂ ಇದೆ.

ಇವೆಲ್ಲ ಬೇಕು. ಆದರೆ ತಪಾಸಣೆಯವರು ಹಗಲು ಬರುತ್ತಾರೆ. ಬಣ್ಣ ಬಳಿದ ಗೋಡೆ, ಒಗೆದ ಚಾದರ, ರಿಜಿಸ್ಟರ್‌ನಲ್ಲಿ ಸಹಿಗಳು ಸಿಗುತ್ತವೆ. ಮನೆ ಹೇಗಿದೆ ಎಂದು ತಿಳಿಯಬೇಕಾದರೆ ಒಂದೇ ಪ್ರಶ್ನೆ ಕೇಳಬೇಕು: ರಾತ್ರಿ ಎರಡು ಗಂಟೆಗೆ ಇಲ್ಲಿ ಎಚ್ಚರ ಇರುವವರು ಯಾರು? ಎಷ್ಟು ಮಂದಿ? ಎಷ್ಟು ಗಂಟೆಯಿಂದ ದುಡಿಯುತ್ತಿದ್ದಾರೆ? ಅವರಿಗೆ ಸಂಬಳ ಎಷ್ಟು, ತರಬೇತಿ ಯಾರು ಕೊಟ್ಟರು? ಇಡೀ ಕಾಯ್ದೆ ಆ ಹೊತ್ತಿನಲ್ಲಿ ನಿಂತಿರುವುದು ಆ ಮನೆಯಲ್ಲಿ ಅತಿ ಕಡಿಮೆ ಸಂಬಳ ಪಡೆಯುವ ಮನುಷ್ಯನ ಎರಡು ಕೈಗಳ ಮೇಲೆ.

ಸೆಂಟ್ರಲ್ ನಿಲ್ದಾಣದಲ್ಲಿ

ನಾಲ್ಕನೇ ವಾರ, ಒಂದು ಶನಿವಾರ ಮಧ್ಯಾಹ್ನ, ಕಂಪ್ಯೂಟರ್ ತರಗತಿ ಮುಗಿದ ಮೇಲೆ ಕನ್ನಡದ ಹುಡುಗ ಎದ್ದು ಹೋಗದೆ ಕೂತಿದ್ದ. ಕೀಬೋರ್ಡಿನಲ್ಲಿ ತನ್ನ ಊರಿನ ಹೆಸರನ್ನು ಕನ್ನಡದಲ್ಲಿ ಒತ್ತಿದ. ಒತ್ತಕ್ಷರ ಬರಲಿಲ್ಲ. 'ಇದು ಹ್ಯಾಂಗ್ರಿ ಸರ?' ಎಂದ. ತೋರಿಸಿದೆ. ಮನೆಗೆ ಯಾಕೆ ಹೋಗಂಗಿಲ್ಲ ಎಂದು ಆಮೇಲೆ ಅವನೇ ಹೇಳಿದ. ಅವನನ್ನು ಹೋಟೆಲಿಗೆ ಕಳಿಸಿದ್ದು ಮನೆಯ ಸಾಲ. ಹಿಂದಿರುಗಿದರೆ ಮತ್ತೆ ಕಳಿಸುತ್ತಾರೆ ಎಂಬ ಭಯ.

ವಿಷಯ ಸಮಿತಿಗೆ ಹೋಯಿತು. ಅಲ್ಲಿಂದ ಕರ್ನಾಟಕದ ಅವನ ಜಿಲ್ಲೆಯ ಸಮಿತಿಗೆ. ಬಡತನದಿಂದ ಮಗು ಮನೆ ಬಿಡದಿರಲಿ ಎಂದೇ ಕೇಂದ್ರದ 'ಮಿಷನ್ ವಾತ್ಸಲ್ಯ' ಯೋಜನೆಯಲ್ಲಿ ಪ್ರಾಯೋಜಕತ್ವ ಎಂಬ ನೆರವಿದೆ, ಅರ್ಹ ಮಗುವಿಗೆ ತಿಂಗಳಿಗೆ 4,000 ರೂಪಾಯಿ. ಅದಕ್ಕೆ ಅರ್ಜಿ ಹಾಕಬಹುದೆಂದು ಅಲ್ಲಿನವರು ಅವನ ತಾಯಿಗೆ ತಿಳಿಸಿದರು. ಫೋನಿನಲ್ಲಿ ಅವನ ತಾಯಿ ಅಳುತ್ತಿದ್ದುದನ್ನು ನಾನೇ ಭಾಷಾಂತರ ಮಾಡಬೇಕಾಯಿತು. ಅಳುವಿಗೆ ಭಾಷಾಂತರ ಬೇಕಾಗಿರಲಿಲ್ಲ.

ಹೊರಡುವ ದಿನ ಬೆಂಗಾವಲಿನವರ ಜೊತೆ ನಾನೂ ಅಣ್ಣಾನೂ ಸೆಂಟ್ರಲ್‌ಗೆ ಹೋದೆವು. ಮೊದಲು ತನ್ನ ಜಿಲ್ಲೆಯ ಬಾಲಮಂದಿರ, ಸಮಿತಿ ಮನೆ ಪರಿಸ್ಥಿತಿ ನೋಡಿದ ಮೇಲೆ ಊರು. ಅಣ್ಣಾ ಅವನಿಗೆ ಒಂದು ಜೊತೆ ಚಪ್ಪಲಿ ಕೊಡಿಸಿದ್ದರು. ಕಿಟಕಿ ಪಕ್ಕ ಕೂತ. ಹಳದಿ ಚೀಲದಲ್ಲಿ ಎರಡು ಇಡ್ಲಿ ಪೊಟ್ಟಣ, ಒಂದು ನೋಟ್‌ಬುಕ್. ರೈಲು ಹೊರಡಲು ಐದು ನಿಮಿಷವಿದ್ದಾಗ ಕಿಟಕಿಯ ಸರಳು ಹಿಡಿದು ಕೇಳಿದ:

'ಸರ, ಅಲ್ಲಿ ಬಡೀತಾರೇನ್ರಿ?'

ಮೊದಲ ದಿನದ ಹಾಗೆ 'ಇಲ್ಲಪ್ಪ' ಎಂದು ಹೇಳಿಬಿಡಬಹುದಿತ್ತು. ಬಾಯಿ ಬರಲಿಲ್ಲ. ಒಂದು ಚೀಟಿಯಲ್ಲಿ 1098 ಎಂದು ಬರೆದು ಕೊಟ್ಟೆ. ಮಕ್ಕಳ ಸಹಾಯವಾಣಿ, ದುಡ್ಡಿಲ್ಲದೆ ಯಾವ ಫೋನಿನಿಂದಲೂ ಮಾಡಬಹುದು ಎಂದೆ. 'ಯಾರಾದ್ರೂ ಹೊಡೆದ್ರೆ ಸುಮ್ಮನಿರಬೇಡ, ಹೇಳು' ಎಂದೆ. ಚೀಟಿಯನ್ನು ನೋಟ್‌ಬುಕ್ಕಿನಲ್ಲಿಟ್ಟು, ನಂಬರನ್ನು ಎರಡು ಸಲ ಬಾಯಲ್ಲೇ ಹೇಳಿಕೊಂಡ.

ನಾನು ಈಗ ಮತ್ತೆ ರಾತ್ರಿ ಪಾಳಿಗೆ ಹೋಗುತ್ತಿದ್ದೇನೆ, ವಾರಕ್ಕೆ ಒಂದೇ ದಿನ, ನಿದ್ದೆ ಮಾಡಿ. ಅವನ ಪ್ರಶ್ನೆಗೆ ಉತ್ತರ ಚೆನ್ನೈನಲ್ಲಿಲ್ಲ. ಈ ಪತ್ರಿಕೆ ಓದುತ್ತಿರುವ ನಿಮ್ಮ ಜಿಲ್ಲಾ ಕೇಂದ್ರದಲ್ಲೂ ಒಂದು ಬಾಲಮಂದಿರ ಇರಬಹುದು. ಹುಟ್ಟುಹಬ್ಬಕ್ಕೆ ಸಿಹಿ ಹಂಚಿ ಫೋಟೊ ತೆಗೆಸಿಕೊಂಡು ಬರುವುದು ಸುಲಭ. ಈ ಸಲ ಹೋದರೆ, ಅನುಮತಿ ಕೇಳಿ, ಅಲ್ಲಿನ ರಾತ್ರಿ ಮೇಲ್ವಿಚಾರಕರ ಜೊತೆ ಹತ್ತು ನಿಮಿಷ ಕೂತು ಮಾತಾಡಿ. ಎಷ್ಟು ಹೊತ್ತು ನಿದ್ದೆ ಮಾಡಿದಿರಿ ಎಂದು ಅವರನ್ನು ಕೇಳಿ. ಬಹುಶಃ ಇಷ್ಟು ವರ್ಷಗಳಲ್ಲಿ ಅವರನ್ನು ಹಾಗೆ ಕೇಳಿದ ಮೊದಲಿಗರು ನೀವಾಗಿರುತ್ತೀರಿ.